ಬಿಸಿಲು ಮತ್ತು ನಮ್ಮ ಕಣ್ಣುಗಳು

ಮಕ್ಕಳೇ, ಬೇಸಿಗೆಯಲ್ಲಿ ಉಟ್ಕೂರು, ಮಕ್ತಲ್, ನಾರಾಯಣಪೇಟೆಯ ಹೊಲಗಳಲ್ಲಿ ದುಡಿಯುವವರನ್ನು ನೀವು ನೋಡಿದ್ದೀರಿ. ಗಂಡಸರು ತಲೆಗೆ ರುಮಾಲು ಸುತ್ತಿರುತ್ತಾರೆ. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದಿರುತ್ತಾರೆ. ಹೀಗೆ ತಲೆಗೆ ರಕ್ಷಣೆ ಸಿಗುತ್ತದೆ. ಆದರೆ ಕಣ್ಣುಗಳಿಗೆ? ಬಿಸಿಲಿನಿಂದ ಕಣ್ಣಿಗೂ ಹಾನಿಯಾಗುತ್ತದೆಯೇ? ತಿಳಿದುಕೊಳ್ಳೋಣ.

ಮಳೆಬಿಲ್ಲಿನ ಏಳು ಬಣ್ಣಗಳನ್ನು ನೀವು ಎಣಿಸಿರಬಹುದು. ಅದರ ಒಂದು ಅಂಚಿನಲ್ಲಿ ಕೆಂಪು, ಇನ್ನೊಂದು ಅಂಚಿನಲ್ಲಿ ನೇರಳೆ ಇರುತ್ತದೆ. ನೇರಳೆಯ ಆಚೆಗೂ ಕಿರಣಗಳಿವೆ. ಅವು ನಮ್ಮ ಕಣ್ಣಿಗೆ ಕಾಣಿಸುವುದಿಲ್ಲ. ಅವೇ ಅತಿನೇರಳೆ ಕಿರಣಗಳು. ಜರ್ಮನಿಯ ವಿಜ್ಞಾನಿ ಯೋಹಾನ್ ರಿಟ್ಟರ್ 1801ರಲ್ಲಿ ಇವುಗಳನ್ನು ಕಂಡುಹಿಡಿದರು. ಬೆಳಕಿಗೆ ಕಪ್ಪಾಗುವ ಬೆಳ್ಳಿಯ ಲವಣವನ್ನು ಅವರು ಒಂದೊಂದು ಬಣ್ಣದಲ್ಲಿಯೂ ಇಟ್ಟು ನೋಡಿದರು. ನೇರಳೆಯ ಆಚೆ, ಏನೂ ಕಾಣದ ಜಾಗದಲ್ಲಿ ಅದು ಎಲ್ಲಕ್ಕಿಂತ ಬೇಗ ಕಪ್ಪಾಯಿತು!

ಆಕಾಶದ ಎತ್ತರದಲ್ಲಿರುವ ಓಝೋನ್ ಪದರವು ಈ ಕಿರಣಗಳಲ್ಲಿ ಹೆಚ್ಚು ಅಪಾಯಕಾರಿಯಾದವುಗಳನ್ನು ತಡೆಯುತ್ತದೆ. ಉಳಿದವು ನೆಲವನ್ನು ತಲುಪುತ್ತವೆ.

ನಮ್ಮ ಕಣ್ಣಿನೊಳಗೆ ಗಾಜಿನಂತೆ ತಿಳಿಯಾದ ಮಸೂರವಿದೆ. ಅದು ಮಬ್ಬಾಗುವುದನ್ನು ‘ಕಣ್ಣಿನ ಪೊರೆ’ ಎನ್ನುತ್ತಾರೆ. ವಯಸ್ಸಾದಂತೆ ಅನೇಕರಿಗೆ ಪೊರೆ ಬರುತ್ತದೆ. ವರ್ಷಗಟ್ಟಲೆ ಅತಿನೇರಳೆ ಕಿರಣಗಳು ಕಣ್ಣಿಗೆ ಬಿದ್ದರೆ ಅದು ಬೇಗ ಬರಬಹುದು. ಬಿಸಿಲು, ದೂಳಿನಲ್ಲಿ ದುಡಿಯುವ ಕೆಲವರಿಗೆ ಕಣ್ಣಿನ ಬಿಳಿಭಾಗದಿಂದ ಕಪ್ಪುಗುಡ್ಡೆಯ ಕಡೆಗೆ ಮಾಂಸದ ಪೊರೆ ಬೆಳೆಯುವುದೂ ಉಂಟು. ಮಕ್ಕಳ ಮಸೂರವು ದೊಡ್ಡವರ ಮಸೂರಕ್ಕಿಂತ ತಿಳಿಯಾಗಿರುತ್ತದೆ. ಆದ್ದರಿಂದ ನಿಮ್ಮ ಕಣ್ಣಿನೊಳಕ್ಕೆ ಈ ಕಿರಣಗಳು ಹೆಚ್ಚಾಗಿ ಹೋಗುತ್ತವೆ. ಹಾನಿಯು ದಿನದಿನವೂ ಸ್ವಲ್ಪಸ್ವಲ್ಪವೇ ಕೂಡುತ್ತ ಹೋಗುತ್ತದೆ. ಆದುದರಿಂದ ಚಿಕ್ಕಂದಿನಿಂದಲೇ ಎಚ್ಚರಿಕೆ ಬೇಕು.

ಕಾಣದ ಕಿರಣಗಳು ಯಾವಾಗ ಹೆಚ್ಚು ಎಂದು ತಿಳಿಯುವುದು ಹೇಗೆ? ನಿಮ್ಮ ನೆರಳನ್ನು ನೋಡಿರಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಕಿರಣಗಳು ಬಲವಾಗಿವೆ ಎಂದು ತಿಳಿಯಿರಿ. ನಮ್ಮ ಭಾಗದಲ್ಲಿ ಮೇ ಮೊದಲ ವಾರದ ಸುಮಾರಿಗೆ ಮತ್ತು ಆಗಸ್ಟ್ ಮೊದಲ ವಾರದ ಸುಮಾರಿಗೆ ಸೂರ್ಯನು ನಡುಹಗಲಿನಲ್ಲಿ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಆಗಸ್ಟ್‌ನಲ್ಲಿ ಮೋಡ ಕವಿದು ತಂಪಾಗಿರಬಹುದು. ಆದರೂ ತೆಳುವಾದ ಮೋಡವನ್ನು ದಾಟಿ ಈ ಕಿರಣಗಳು ಬರುತ್ತವೆ.

ಬಿಸಿಲಿನಲ್ಲಿ ಹೋಗುವಾಗ ಅಗಲ ಅಂಚಿನ ಟೋಪಿ ಧರಿಸಿರಿ ಅಥವಾ ಛತ್ರಿ ಹಿಡಿಯಿರಿ. ಟೋಪಿ ಇಲ್ಲದಿದ್ದರೆ ರುಮಾಲನ್ನೋ ಸೆರಗನ್ನೋ ಹಣೆಯ ಮುಂದಕ್ಕೆ ಚಾಚುವಂತೆ ಹೊದೆಯಿರಿ. ಮಧ್ಯಾಹ್ನದ ಆಟ ಬೇವಿನ ಮರದ ನೆರಳಿನಲ್ಲಿರಲಿ. ಜಾತ್ರೆಯಲ್ಲಿ ಸಿಗುವ ಬಣ್ಣದ ಕನ್ನಡಕಗಳನ್ನು ನಂಬಬೇಡಿ. ಕಪ್ಪು ಗಾಜಿನ ಹಿಂದೆ ಕಣ್ಣಿನ ಪಾಪೆ ಹಿಗ್ಗುತ್ತದೆ. ಆ ಗಾಜು ಅತಿನೇರಳೆ ಕಿರಣಗಳನ್ನು ತಡೆಯದಿದ್ದರೆ ಅವು ಇನ್ನೂ ಹೆಚ್ಚಾಗಿ ಒಳಹೋಗಬಹುದು. ‘ಯುವಿ 400’ ಎಂಬ ಗುರುತುಳ್ಳ ಕನ್ನಡಕವನ್ನು ನಂಬಿಕೆಯ ಅಂಗಡಿಯಲ್ಲಿ ಕೊಳ್ಳಬೇಕು.

ಸೂರ್ಯನನ್ನು ಎಂದೂ ನೇರವಾಗಿ ದಿಟ್ಟಿಸಬಾರದು. ಗ್ರಹಣದ ದಿನವಂತೂ ಈ ಆಸೆ ಹೆಚ್ಚು. 1980ರ ಫೆಬ್ರವರಿ 16ರಂದು ಪೂರ್ಣ ಸೂರ್ಯಗ್ರಹಣದ ನೆರಳು ಕಾರವಾರದ ಕಡೆಯಿಂದ ಬಂದು, ರಾಯಚೂರನ್ನು ದಾಟಿ ನಮ್ಮ ಸೀಮೆಯ ಮೇಲೆ ಹಾದುಹೋಯಿತು. ಹೈದರಾಬಾದಿನ ಸಮೀಪದ ಜಪಾಲ್-ರಂಗಾಪುರ ವೀಕ್ಷಣಾಲಯದಲ್ಲಿ ವಿಜ್ಞಾನಿಗಳು ಅದನ್ನು ಅಭ್ಯಸಿಸಿದರು. ಗ್ರಹಣವು ಕೆಟ್ಟದ್ದಲ್ಲ. ಆದರೆ ಬರಿಗಣ್ಣಿನಿಂದ ಸೂರ್ಯನನ್ನು ನೋಡಿದರೆ ತೀವ್ರವಾದ ಬೆಳಕು ಕಣ್ಣಿನ ಹಿಂಬದಿಯ ಅಕ್ಷಿಪಟಲವನ್ನು ಸುಡುತ್ತದೆ. ಅಕ್ಷಿಪಟಲಕ್ಕೆ ನೋವು ತಿಳಿಯುವುದಿಲ್ಲ. ಸುಟ್ಟದ್ದು ಗೊತ್ತಾಗುವ ಹೊತ್ತಿಗೆ ದೃಷ್ಟಿ ಹೋಗಿರಬಹುದು. ಮಸಿ ಹಿಡಿದ ಗಾಜು, ಎಕ್ಸ್-ರೇ ಹಾಳೆ, ಸಗಣಿ ನೀರು ಇವು ಯಾವುವೂ ಸುರಕ್ಷಿತವಲ್ಲ. ಸೂರ್ಯನಿಗೆ ಬೆನ್ನು ಮಾಡಿ ನಿಂತು, ರಟ್ಟಿನಲ್ಲಿ ಸೂಜಿಯಿಂದ ರಂಧ್ರ ಮಾಡಿ, ಬಿಳಿ ಕಾಗದದ ಮೇಲೆ ಮೂಡುವ ಬಿಂಬವನ್ನು ನೋಡಬಹುದು.

ಮಕ್ಕಳೇ, ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಡಿರಿ. ಗಂಟೆಗೊಮ್ಮೆ ಅದರ ನೆರಳನ್ನು ಅಳೆದು ಬರೆಯಿರಿ. ನೆರಳು ಕೋಲಿಗಿಂತ ಗಿಡ್ಡವಾಗಿರುವ ಹೊತ್ತು ಯಾವುದು ಎಂಬುದನ್ನು ಗುರುತಿಸಿರಿ. ಅದನ್ನು ಮನೆಯಲ್ಲಿ, ಹೊಲಕ್ಕೆ ಹೋಗುವ ಹಿರಿಯರಿಗೂ ತಿಳಿಸಿರಿ.