ಮೇಳದ ತಾರೀಖು, ಮಿಡಿಯ ಹದ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಗೆ ರುಚಿ ಹುಡುಕಿಕೊಂಡು ಹೊರಡುವವರು ಮೊದಲು ಕೇಳುವುದು ಆಹಾರ ಮೇಳ ಯಾವ ತಾರೀಖಿಗೆ ಎಂದು. ಮೇಳದ ದಿನವೇ ರುಚಿಯ ದಿನ, ಮಿಕ್ಕ ದಿನ ಹೋದರೆ ಬರಿಗೈ ಎಂಬ ನಂಬಿಕೆ ಅದರ ಹಿಂದಿದೆ. ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿ ಸೀಮೆಯ ಅಡುಗೆಮನೆಗಳ ಲೆಕ್ಕವೇ ಬೇರೆ: ತಿನಿಸು ಬೆಳೆಯ ಹದಕ್ಕೆ ಹುಟ್ಟುತ್ತದೆ, ಮೇಳ ಅದರ ಬೆನ್ನು ಹಿಡಿದು ಬರುತ್ತದೆ. ನಾಟಿ ಬೀಜ ಉಳಿಸುವ ಶಿರಸಿಯ ವನಸ್ತ್ರೀ ಸಂಸ್ಥೆಯ ಮಲೆನಾಡು ಮೇಳ ಮಳೆಗಾಲದ ಹೊಸಿಲಲ್ಲಿ ನಡೆಯುವುದು ಅದು ಬೀಜ ಊರುವ ಹೊತ್ತಾದ್ದರಿಂದ. ಸ್ಪೇನಿನಲ್ಲೂ ಇದೇ ಕತೆ. ಬಾರ್ಸಿಲೋನಾ ನೋಡಹೋದವರು ವಾಲ್ಸ್ ಪಟ್ಟಣದ ಕಾಲ್ಸೋಟ್ ಹಬ್ಬಕ್ಕೆ ಹಾತೊರೆಯುತ್ತಾರೆ. ಹಬ್ಬ ಜನವರಿಯ ಕೊನೆಯ ಭಾನುವಾರ. ಉರಿಯಲ್ಲಿ ಸುಟ್ಟು ತಿನ್ನುವ ಆ ಎಳೆ ಈರುಳ್ಳಿಯೋ ಚಳಿಗಾಲವಿಡೀ ಸಿಗುತ್ತದೆ.

ಆಲೆಮನೆಯನ್ನೇ ನೋಡಿ. ಗಾಣ ತಿರುಗಬೇಕಾದರೆ ಕಬ್ಬು ಬಲಿತಿರಬೇಕು, ಅಡಿಕೆಯ ಕೊನೆಕೊಯ್ಲು ಮುಗಿದು ಆಳು ಸಿಗಬೇಕು. ಹಾಗಾಗಿ ಅದು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗಿನ ಮಾತು, ನಿಗದಿತ ದಿನದ್ದಲ್ಲ. ಕಬ್ಬಿನ ಹಾಲು ಕೆಲವೇ ತಾಸಿನಲ್ಲಿ ಹುಳಿಯುವುದರಿಂದ ಅದನ್ನು ಪೊಟ್ಟಣ ಕಟ್ಟಿ ಒಯ್ಯಲಾಗದು, ಕೊಪ್ಪರಿಗೆಯ ಬಿಸಿ ನೊರೆಬೆಲ್ಲವನ್ನಂತೂ ಕೇಳಲೇಬೇಡಿ. ತೊಡದೇವು ವರ್ಷವಿಡೀ ಅಂಗಡಿಯಲ್ಲಿದೆಯಲ್ಲ ಎನ್ನಬಹುದು. ಇದೆ, ಕೆಟ್ಟದ್ದೂ ಅಲ್ಲ. ಆದರೆ ಬೋರಲು ಹಾಕಿ ಕಾಯಿಸಿದ ಗಡಿಗೆಯ ಬೆನ್ನಿಗೆ ಅಕ್ಕಿಹಿಟ್ಟು, ಕಬ್ಬಿನ ಹಾಲಿನ ಹದವನ್ನು ಬಟ್ಟೆಯಿಂದ ತೊಡೆದು, ಕಾಗದದಂತೆ ಎಬ್ಬಿಸಿ ಮಡಿಸುವುದನ್ನು ಎದುರು ನಿಂತು ನೋಡಬೇಕಾದರೆ ಆಲೆಮನೆಯ ಕಾಲದಲ್ಲೇ ಬರಬೇಕು. ತೊಡೆಯುವುದರಿಂದಲೇ ಅದಕ್ಕೆ ಆ ಹೆಸರು.

ಅಪ್ಪೆಮಿಡಿಯ ಬಗ್ಗೆ ತಪ್ಪು ಇನ್ನೂ ದೊಡ್ಡದು. ಮಾವಿನ ಎಳೆಕಾಯಿಗಳೆಲ್ಲ ಅಪ್ಪೆಯಲ್ಲ. ಹೊಳೆದಂಡೆ, ಬೆಟ್ಟಗಳ ಕಾಡುಮಾವಿನ ಕೆಲವೇ ಮರಗಳ ಮಿಡಿಗೆ ಆ ಸೊನೆಯ ಪರಿಮಳವಿದೆ. ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಓಟೆ ಗಟ್ಟಿಯಾಗುವ ಮೊದಲೇ, ನೆಲಕ್ಕೆ ಬಿದ್ದು ಪೆಟ್ಟಾಗದಂತೆ, ತೊಟ್ಟು ಸಮೇತ ಇಳಿಸಬೇಕು. ಮೇ ರಜೆಗೆ ಬಂದವರಿಗೆ ಅದು ಉಪ್ಪಿನ ಭರಣಿಯೊಳಗೆ ಸಿಗುತ್ತದೆ, ಮರದಲ್ಲಲ್ಲ. ಅವರ ಪಾಲಿಗೆ ಹಲಸಿನ ಹಪ್ಪಳದ ಅಂಗಳವಿದೆ. ಮಳೆಗಾಲದಲ್ಲಿ ಏನೂ ಇಲ್ಲವೆನ್ನುವವರು ಕೆಸುವಿನೆಲೆಯ ಪತ್ರೊಡೆಯನ್ನೂ ಎಳೆಬಿದಿರಿನ ಕಳಲೆಯನ್ನೂ ಮರೆತಿರುತ್ತಾರೆ. ಕಳಲೆ ಹೆಚ್ಚಿದ ದಿನವೇ ಬಾಣಲೆಗೆ ಬೀಳುವ ಪದಾರ್ಥವಲ್ಲ. ಅದರ ವಿಷಾಂಶ ಇಳಿಯಲು ನೀರು ಬದಲಿಸುತ್ತಾ ಎರಡು ಮೂರು ದಿನ ನೆನೆಸಬೇಕು.

ರಜೆ ಹಾಕಿ, ಬಸ್ಸು ಕಾದಿರಿಸುವವರಿಗೆ ತಾರೀಖು ಬೇಡವೇ ಎಂಬ ಆಕ್ಷೇಪ ನ್ಯಾಯವೇ. ಬೇಕು, ಆದರೆ ಹಂಗಾಮು ಮೊದಲು, ತಾರೀಖು ಆಮೇಲೆ. ತಾರೀಖನ್ನೇ ನಂಬಿದವರು ಶಿರಸಿಯ ಮಾರಿಕಾಂಬಾ ಜಾತ್ರೆ ಪ್ರತಿವರ್ಷವೆಂದು ಹೊರಟು ಮೋಸಹೋಗಬಹುದು: ಅದು ಎರಡು ವರ್ಷಕ್ಕೊಮ್ಮೆ, 2022ರಲ್ಲಿ ಇತ್ತು, 2024ರಲ್ಲಿ ಇತ್ತು, ನಡುವೆ ಇರಲಿಲ್ಲ. ಆದ್ದರಿಂದ ಟಿಕೆಟು ಕಾದಿರಿಸುವ ಮುನ್ನ ಊರಿನ ಯಾರಿಗಾದರೂ ಒಂದು ಫೋನು ಮಾಡಿ. ಮೇಳ ಯಾವಾಗ ಎನ್ನಬೇಡಿ. ಕೊಪ್ಪರಿಗೆ ಒಲೆಗೇರಿತೇ ಎಂದು ಕೇಳಿ.