ಬಿಡಿಯಾಗಿ ಸಾಧು, ಜೊತೆಗೂಡಿದರೆ?

ಗೂಡಲೂರಿನಿಂದ ನಡುವಟ್ಟಂ ಮಾರ್ಗವಾಗಿ ಉದಕಮಂಡಲಕ್ಕೆ ಹೋಗುವ ಘಟ್ಟದ ರಸ್ತೆಯಲ್ಲಿ ವಿದ್ಯುತ್ ವಾಹನದ ಬ್ಯಾಟರಿಯು ಏರುವಾಗ ಹೆಚ್ಚು ಕರೆಂಟು ಕೊಟ್ಟು ಕಾಯುತ್ತದೆ, ಇಳಿಯುವಾಗ ಬ್ರೇಕಿನಿಂದ ಹುಟ್ಟಿದ ವಿದ್ಯುತ್ತನ್ನು ಚಳಿಯಲ್ಲೇ ತುಂಬಿಕೊಳ್ಳಬೇಕಾಗುತ್ತದೆ. ಇಂದಿನ ಲಿಥಿಯಂ ಅಯಾನು ಬ್ಯಾಟರಿಗೆ ಇವೆರಡೂ ಒಗ್ಗುವಂಥವಲ್ಲ. ಅದರೊಳಗೆ ಅಯಾನುಗಳನ್ನು ಸಾಗಿಸುವ ಎಲೆಕ್ಟ್ರೊಲೈಟ್ ಬೇಗ ಹೊತ್ತಿಕೊಳ್ಳುವ ದ್ರವವಾಗಿದ್ದು, ಎರಡು ಧ್ರುವಗಳನ್ನು ಬೇರ್ಪಡಿಸುವ ಪಾಲಿಎಥಿಲೀನ್ ಪೊರೆ ಸುಮಾರು 130 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಬಿಡುತ್ತದೆ. ಆಗ ಧ್ರುವಗಳು ಒಂದಕ್ಕೊಂದು ತಾಗಿ ಹುಟ್ಟಿದ ಶಾಖ ಇನ್ನಷ್ಟು ಶಾಖ ಕೊಡುವ ಕ್ರಿಯೆಗಳನ್ನು ಕೆರಳಿಸುತ್ತಾ ಹತೋಟಿ ಮೀರುವುದಕ್ಕೆ ಥರ್ಮಲ್ ರನ್‌ಅವೇ ಎಂದು ಹೆಸರು. ದ್ರವದ ಜಾಗದಲ್ಲಿ ಘನವನ್ನು ಇಟ್ಟರೆ ಬೆಂಕಿಯ ಭಯವೇ ಇಲ್ಲವೆಂಬ ಪ್ರಚಾರ ಈ ಕಾರಣಕ್ಕೇ ಹುಟ್ಟಿತು, ಅದು ಅರ್ಧಸತ್ಯ.

ಇಂಥ ಘನ ಎಲೆಕ್ಟ್ರೊಲೈಟುಗಳಲ್ಲಿ ಒಂದಾದ, ಲಿಥಿಯಂ, ಲ್ಯಾಂಥನಂ, ಜಿರ್ಕೋನಿಯಂಗಳ ಗಾರ್ನೆಟ್ ಮಾದರಿಯ ಆಕ್ಸೈಡನ್ನು 2007ರಲ್ಲಿ ರಾಮಸ್ವಾಮಿ ಮುರುಗನ್, ವೆಂಕಟರಾಮನ್ ತಂಗದುರೈ ಮತ್ತು ವರ್ನರ್ ವೆಪ್ನರ್ ವರದಿ ಮಾಡಿದರು. ಸಾವಿರ ಡಿಗ್ರಿ ಮೀರಿದ ಕುಲುಮೆಯಲ್ಲಿ ಬೆಂದು ಗಟ್ಟಿಯಾಗುವ ಇಂಥ ವಸ್ತುವನ್ನು ಒಂಟಿಯಾಗಿ ಕಾಯಿಸಿ ನೋಡಿದರೆ ಸುರಕ್ಷತೆಯ ಬಗ್ಗೆ ಹೆಚ್ಚೇನೂ ತಿಳಿಯದು, ಏಕೆಂದರೆ ಬ್ಯಾಟರಿಯಲ್ಲಿ ಅದು 180.5 ಡಿಗ್ರಿಗೇ ಕರಗುವ ಲಿಥಿಯಂ ಲೋಹಕ್ಕೆ ಅಂಟಿಕೊಂಡಿರುತ್ತದೆ. ಆದ್ದರಿಂದ ಎರಡನ್ನೂ ಒಟ್ಟಿಗೆ ಆಕ್ಸಿಲರೇಟಿಂಗ್ ರೇಟ್ ಕ್ಯಾಲರಿಮೀಟರ್ ಎಂಬ ಉಪಕರಣದಲ್ಲಿಟ್ಟು ಪರೀಕ್ಷಿಸುತ್ತಾರೆ. ಅದು ಕೆಲವೇ ಡಿಗ್ರಿಗಳಷ್ಟು ಬಿಸಿ ಏರಿಸಿ, ತಡೆದು, ಮಾದರಿ ತಾನಾಗಿಯೇ ಕಾಯುತ್ತಿದೆಯೇ ಎಂದು ಕಾದು ನೋಡುತ್ತದೆ, ನಿಮಿಷಕ್ಕೆ 0.02 ಡಿಗ್ರಿಯಷ್ಟು ಏರಿಕೆ ಕಂಡರೂ ಸಾಕು, ಶಾಖ ಹೊರಹೋಗದಂತೆ ಸುತ್ತಲಿನ ಉಷ್ಣತೆಯನ್ನು ಮಾದರಿಗೆ ಸರಿಸಮವಾಗಿ ಏರಿಸುತ್ತಾ ಹಿಂಬಾಲಿಸುತ್ತದೆ. ಹೀಗೆ ಅಳೆದಾಗ ಗಾರ್ನೆಟ್ ಬಹುಮಟ್ಟಿಗೆ ತಡೆದುಕೊಂಡರೆ, ಟೈಟೇನಿಯಂ ಅಥವಾ ಜರ್ಮೇನಿಯಂ ಇರುವ ಫಾಸ್ಫೇಟುಗಳು ಆಮ್ಲಜನಕ ಬಿಟ್ಟುಕೊಟ್ಟು ಲಿಥಿಯಂ ಜೊತೆ ಉಗ್ರವಾಗಿ ವರ್ತಿಸುತ್ತವೆ. ಅಯಾನುಗಳನ್ನು ಸರಾಗವಾಗಿ ಸಾಗಿಸುವ ಸಲ್ಫೈಡುಗಳ ತೊಂದರೆಯೇ ಬೇರೆ: ತೇವಾಂಶ ತಾಗಿದರೆ ಅವು ವಿಷಕಾರಿ ಹೈಡ್ರೋಜನ್ ಸಲ್ಫೈಡ್ ಹೊಮ್ಮಿಸುತ್ತವೆ, ನೀಲಗಿರಿಯ ಮಳೆಗಾಲಕ್ಕೆ ಇದು ಸಣ್ಣ ಮಾತಲ್ಲ.

ಘನದೊಳಗೂ ಲಿಥಿಯಂ ಎಳೆಗಳು ನುಗ್ಗಿ ಎರಡು ಧ್ರುವಗಳನ್ನು ಬೆಸೆಯಬಲ್ಲವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಗ ಫಣಿ ಏಟುಕೂರಿ ಮತ್ತು ಸಂಗಡಿಗರು 2022ರಲ್ಲಿ ತೋರಿಸಿದಂತೆ, ಬ್ಯಾಟರಿ ಖಾಲಿಯಾಗುವಾಗ ಲಿಥಿಯಂನಲ್ಲಿ ಸೂಕ್ಷ್ಮ ಪೊಳ್ಳುಗಳು ಮೂಡಿ, ಅವುಗಳ ಅಂಚಿನಲ್ಲಿ ಕರೆಂಟು ಒತ್ತರಿಸಿ ಈ ಎಳೆಗಳಿಗೆ ದಾರಿಯಾಗುತ್ತದೆ. ಲಿಥಿಯಂ ಮತ್ತು ಘನದ ನಡುವೆ ಟಂಗ್‌ಸ್ಟನ್‌ನಂಥ ಲೋಹದ ತೆಳುಪದರವಿದ್ದರೆ ಎಳೆಗಳು ನುಗ್ಗುವುದು ತಡವಾಗುತ್ತದೆ. ತಡವಾಗುತ್ತದೆ ಎಂದರೆ ತಪ್ಪುತ್ತದೆ ಎಂದಲ್ಲ. ಅದೇ ವರ್ಷ ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದವರು ಪ್ರಕಟಿಸಿದ ಲೆಕ್ಕಾಚಾರದಂತೆ, ಶಾರ್ಟ್ ಸರ್ಕ್ಯೂಟ್ ಆದಾಗ ಹೊಮ್ಮುವ ಶಾಖವು ಒಳಗೆ ದ್ರವವಿದೆಯೇ ಎಂಬುದಕ್ಕಿಂತ ಕೂಡಿಟ್ಟ ಶಕ್ತಿ ಎಷ್ಟೆಂಬುದನ್ನು ಅವಲಂಬಿಸುವುದರಿಂದ, ಕಡಿಮೆ ಜಾಗದಲ್ಲಿ ಹೆಚ್ಚು ಶಕ್ತಿ ತುಂಬಿದ ಘನ ಬ್ಯಾಟರಿ ಮಾಮೂಲಿನದಕ್ಕಿಂತ ಹೆಚ್ಚೇ ಕಾಯಬಹುದು.