ಮುಳ್ಳು ಎತ್ತಿದ ಮೇಲೆ ಮಾತು

ಧಾರವಾಡದ ಮಾಳಮಡ್ಡಿಯಲ್ಲಿ, ಹೆಂಚಿನ ಆ ಹಳೆಯ ಮನೆಯ ಪಡಸಾಲೆಯೊಳಗೆ ಶ್ರಾವಣದ ಸಂಜೆ ತುಸು ಬೇಗನೇ ಬರುತ್ತದೆ. ಬೆಳಗಿನಿಂದ ಹಿಡಿದ ಜಿಟಿಜಿಟಿ ಬಿಟ್ಟಿಲ್ಲ. ಅಂಗಳದ ಕೆಂಪು ರಾಡಿ ಹೊಸ್ತಿಲ ತನಕ ಹೆಜ್ಜೆ ಮೂಡಿಸಿದೆ, ತಂತಿಯ ಮೇಲೆ ಹಾಕಿದ ಧೋತರ ಇನ್ನೂ ಆರಿಲ್ಲ. ಚಪ್ಪಲಿ ಹೊರಗೆ ಬಿಟ್ಟು ಬಂದು ಗೋಡೆಯ ಬದಿಗೆ ಹಾಸಿದ ಜಮಖಾನೆಯ ಮೇಲೆ ಸದ್ದಿಲ್ಲದೆ ಕೂತುಬಿಡಿ. ಬನ್ನಿ, ಕೂಡ್ರಿ ಎಂದು ಯಾರೂ ಅನ್ನುವುದಿಲ್ಲ. ತಟ್ಟೆ ತಿರುಗುತ್ತಿದೆ.

ಕೇಳುತ್ತಿರುವವರು ಇಬ್ಬರು. ಬೆತ್ತದ ಕುರ್ಚಿಯಲ್ಲಿ ಕಣ್ಣು ಮುಚ್ಚಿದವರು ಚಿತ್ರಕಲೆ ಕಲಿಸಿ ನಿವೃತ್ತರಾದ ಮಾಸ್ತರರು. ಬೆರಳುಗಳಲ್ಲಿ ಇಂದಿಗೂ ಬಣ್ಣದ ಗೆರೆ. ಕೆಳಗೆ ಚಕ್ಕಂಬಕ್ಕಲ ಹಾಕಿ ಕೂತವನು ಫ್ಯಾನು, ಮಿಕ್ಸಿಯ ಮೋಟರ್ ವೈಂಡಿಂಗ್ ಮಾಡುವ ಹುಡುಗ; ಅವನ ಅಂಗಿಗೆ ವಾರ್ನಿಶ್ ವಾಸನೆ. ಎರಡು ವರ್ಷದ ಹಿಂದೆ ರೆಕಾರ್ಡ್ ಪ್ಲೇಯರಿನ ಬೆಲ್ಟು ಹಾಕಿಕೊಡಲು ಬಂದವನು, ಸರಿಯಾಗಿದೆಯೇ ನೋಡೋಣವೆಂದು ಒಂದು ಮಗ್ಗಲು ಪೂರ್ತಿ ಕೇಳಿದ. ಆಮೇಲೆ ಪ್ರತಿ ರವಿವಾರ ಬರುತ್ತಿದ್ದಾನೆ. ಅವನ ಮನೆಯದು ಭಜನೆಯ ಬಳಗ, ಹಾರ್ಮೋನಿಯಂ ಕೇಳಿ ಕೇಳಿ ಕಿವಿ ಹದವಾಗಿದೆ. ಇಬ್ಬರ ನಡುವೆ ಇರುವುದು ಒಂದೇ ಕರಾರು: ಮುಳ್ಳು ಎತ್ತುವ ತನಕ ಮಾತಿಲ್ಲ. ಸ್ಟೂಲಿನ ಮೇಲಿನ ಗಿರಮಿಟ್ಟನ್ನೂ ಅಲ್ಲಿಯ ತನಕ ಯಾರೂ ಮುಟ್ಟುವುದಿಲ್ಲ, ಚುರುಮುರಿ ಅಗಿಯುವ ಸದ್ದು ಆದೀತೆಂದು. ಅದು ಮೆತ್ತಗಾಗುತ್ತದೆ, ಆಗಲಿ.

ಮೊದಲು ಮಲ್ಲಿಕಾರ್ಜುನ ಮನಸೂರ. ಇಲ್ಲೇ ಪಕ್ಕದ ಮನಸೂರಿನಲ್ಲಿ 1910ರಲ್ಲಿ ಹುಟ್ಟಿ, ಮಂಜಿಖಾನ್ ಮತ್ತು ಬುರ್ಜಿಖಾನರ ಬಳಿ ಜೈಪುರ ಅತ್ರೌಲಿ ಘರಾಣೆಯ ಅಪರೂಪದ ರಾಗಗಳನ್ನೆಲ್ಲ ಎದೆಗಿಳಿಸಿಕೊಂಡ ಕಂಠ ಈ ಪಡಸಾಲೆಗೆ ಊರವರ ಸಲುಗೆಯಿಂದಲೇ ಬರುತ್ತದೆ. ಒಂದು ತಾನ ಮುಗಿಯುವಷ್ಟರಲ್ಲಿ ಇನ್ನೊಂದು ಅದರ ಬಾಲ ಹಿಡಿದು ಏಳುತ್ತದೆ, ಉಸಿರು ಎಲ್ಲಿ ತೆಗೆದುಕೊಂಡರೋ ತಿಳಿಯುವುದಿಲ್ಲ. ಮುಳ್ಳು ಎತ್ತಿದ್ದೇ ಮಾಸ್ತರರ ದೂರು ಶುರು. “ಎದುರಿಗೆ ಕೂತು ಕೇಳೇನಿ ತಮ್ಮಾ. ಇದು ಆ ಊಟದ ರುಚಿ ನೋಡಿಸಿದಾಂಗ ಅದ, ಅಷ್ಟ.” ಹುಡುಗ ಒಪ್ಪುವುದಿಲ್ಲ. “ಇಪ್ಪತ್ತು ನಿಮಿಷದಾಗ ಎಲ್ಲಾ ಹೇಳಬೇಕಂತ ಅವ್ರು ಎಷ್ಟು ಬಿಗಿ ಹಿಡದಾರ ನೋಡ್ರಿ ಸರ. ಒಂದು ಸುತ್ತೂ ಸಡ್ಲ ಇಲ್ಲ.” ಕಾಯಿಲ್ ಸುತ್ತುವವನ ಮಾತು ಅದು. ಮಾಸ್ತರರು ಸ್ವಲ್ಪ ಹೊತ್ತು ಸುಮ್ಮನಾದರು.

ಹುಡುಗ ತಂದದ್ದು ಒಂದು ಕ್ಯಾಸೆಟ್ಟು: ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಹಾಕಿದ, 1978ರ ‘ನಿತ್ಯೋತ್ಸವ’. ಅವನ ಅಪ್ಪ ಟೆಂಪೋದಲ್ಲಿ ಹಾಕಿ ಹಾಕಿ ಟೇಪು ನವೆದಿದೆ. “ಅಕ್ಷರ ಅಕ್ಷರ ಕೇಳಸ್ತದ” ಎಂದರು ಮಾಸ್ತರರು. ಅವರ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಆಮೇಲೆ ಅವರು ಎದ್ದು, ಕಪಾಟಿನ ಮೂಲೆಯಿಂದ ನುಸಿಗುಳಿಗೆಯ ವಾಸನೆಯ ನೀಲಿ ಛಾಯೆಯ ಕವರೊಂದನ್ನು ಎರಡೂ ಕೈಯಿಂದ ತಂದರು. ಮುಂಬಯಿಯ ಚೋರ್ ಬಜಾರಿನಲ್ಲಿ ಕೊಂಡದ್ದಂತೆ. ಜಾಝ್ ತುತ್ತೂರಿಗಾರ ಮೈಲ್ಸ್ ಡೇವಿಸನ ‘ಕೈಂಡ್ ಆಫ್ ಬ್ಲೂ’. ಹಳೇ ಧೋತರದ ತುಂಡಿನಿಂದ ತಟ್ಟೆಯನ್ನು ದುಂಡಗೆ ಒರೆಸಿ ಮುಳ್ಳು ಇಟ್ಟರು. ಚಿಟಪಟ ಸದ್ದಿನ ಹಿಂದಿನಿಂದ ಪಿಯಾನೋ ಅನುಮಾನಿಸುತ್ತ ಹೆಜ್ಜೆ ಹಾಕಿತು. ದಪ್ಪ ತಂತಿಯ ಬೇಸ್ ಏನೋ ಕೇಳಿತು, ಉಳಿದವರು ಎರಡೇ ಸ್ವರದಲ್ಲಿ ಉತ್ತರ ಕೊಟ್ಟರು. ಇನ್ನೇನು ಏರುತ್ತದೆ ಎನ್ನುವಾಗ ತುತ್ತೂರಿ ಒಂದು ಸ್ವರ ನುಡಿಸಿ ನಿಂತಿತು, ಮುಂದಿನದಕ್ಕೆ ಅವಸರವೇ ಇಲ್ಲ. ನ್ಯೂಯಾರ್ಕಿನ 30ನೇ ಬೀದಿಯಲ್ಲಿ, ಒಮ್ಮೆ ಚರ್ಚಾಗಿದ್ದ ಸ್ಟುಡಿಯೋದಲ್ಲಿ, 1959ರ ಮಾರ್ಚ್ 2 ಮತ್ತು ಏಪ್ರಿಲ್ 22ರಂದು ಎರಡೇ ದಿನದಲ್ಲಿ ಮುಗಿಸಿದ ಕೆಲಸ ಇದು. ಆ ಎತ್ತರದ ಮಾಡಿನ ಗಾಳಿಯೂ ತಟ್ಟೆಯೊಳಗೆ ಸೇರಿಕೊಂಡಂತಿದೆ.

“ಕಾಫಿ ಥಾಟಿನ ಸ್ವರಾನ ಅವ” ಎಂದರು ಮಾಸ್ತರರು. “ಒಂದ ಜಾಗಾದಾಗ ನಿಂತು ನೋಡ್ತಾನ, ನಮ್ಮವರಾಂಗ.” ಹುಡುಗ ತಲೆಯಾಡಿಸಿದ. “ಸ್ವರ ಅದಾವ್ರಿ, ರಾಗದ ನಡಿಗಿ ಇಲ್ರಿ. ನಡುವ ಅರ್ಧ ಸ್ವರ ಮ್ಯಾಲ ಹೋಗಿ ಇಳೀತಾರಲ್ರಿ, ನಮ್ಮವ್ರು ಷಡ್ಜ ಹಾಂಗ ಬಿಟ್ಟುಕೊಡ್ತಾರೇನ್ರಿ?” ಎರಡೂ ಖರೆ.

ಈ ತಟ್ಟೆ ಅವನಿಗೆ ಒಂದು ತಿಂಗಳು ನಿದ್ದೆಗೆಡಿಸಿತ್ತು. ಮೊಬೈಲಿನಲ್ಲಿ ಅದೇ ಪದ ಹಾಕಿದರೆ ಶ್ರುತಿ ಒಂದೆಳೆ ಕೆಳಗೆ. ತಾನು ಹಾಕಿದ ಬೆಲ್ಟಿನದೇ ತಪ್ಪೆಂದು ತಟ್ಟೆಯ ಅಂಚಿಗೆ ಕಾಗದದ ಚೂರು ಅಂಟಿಸಿ, ಗಡಿಯಾರ ಹಿಡಿದು ಸುತ್ತು ಎಣಿಸಿದ. ನಿಮಿಷಕ್ಕೆ ಮೂವತ್ತಮೂರೂ ಮೂರರಲ್ಲೊಂದು, ಅಂದರೆ ಮೂರು ನಿಮಿಷಕ್ಕೆ ನೂರು ಸುತ್ತು. ನೂರಕ್ಕೆ ನೂರೇ ಬಂತು. ಎರಡನೇ ಮಗ್ಗಲು ಹಾಕಿ ನೋಡಿದರೆ ಮೊಬೈಲಿಗೂ ಅದಕ್ಕೂ ಕೂದಲೆಳೆಯ ವ್ಯತ್ಯಾಸವಿಲ್ಲ. ಕಡೆಗೆ ತಿಳಿದದ್ದು: ಮಾರ್ಚಿನ ಆ ದಿನ ಸ್ಟುಡಿಯೋದ ಮುಖ್ಯ ಟೇಪ್ ಯಂತ್ರವೇ ಸ್ವಲ್ಪ ನಿಧಾನ ಓಡಿತ್ತು. ನಿಧಾನ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ನುಡಿಸಿದ್ದಕ್ಕೆ ಮೊದಲ ಮಗ್ಗಲಿನ ಮೂರೂ ಪದಗಳ ಶ್ರುತಿ ಏರಿಬಿಟ್ಟಿತು. ಜೊತೆಗೆ ಓಡುತ್ತಿದ್ದ ಇನ್ನೊಂದು ಯಂತ್ರದ ಟೇಪಿನಿಂದ ಅದನ್ನು ಸರಿಪಡಿಸಿದ್ದು 1992ರಲ್ಲಿ. “ಅವರ ಮೋಟರ್ ಸ್ಲೋ ಇತ್ರಿ ಸರ, ನಂದಲ್ಲ!” ಎಂದು ಇವತ್ತಿಗೂ ಹೇಳುವಾಗ ಅವನ ಮುಖ ಅರಳುತ್ತದೆ.

ಮಾಸ್ತರರಿಗೆ ತಿದ್ದಿದ್ದು ಬೇಡ. “ಮೂವತ್ತು ವರ್ಷ ಹಿಂಗ ಕೇಳೇನಿ. ನನಗ ಇದ ಖರೆ.” ನನ್ನ ಮನಸ್ಸು ಹುಡುಗನ ಕಡೆಗೇ. ಪಿಯಾನೋ ನುಡಿಸಿದ ಬಿಲ್ ಇವಾನ್ಸನ ಬೆರಳು ಅಂದು ಒತ್ತಿದ ಶ್ರುತಿ ಯಾವುದೋ ಅದನ್ನೇ ಕೇಳುವುದು ಆ ಬೆರಳಿಗೆ ಕೊಡುವ ಮರ್ಯಾದೆ. ಆದರೆ ಮಾಸ್ತರರ ಕಣ್ಣು ತುಂಬಿದ್ದನ್ನೂ ನೋಡಿದೆ.

ಕೊನೆಗೆ ‘ಕಾಲ್ ಆಫ್ ದ ವ್ಯಾಲಿ’, 1967ರದು. ಕಾಶ್ಮೀರದ ಕುರುಬನೊಬ್ಬನ ದಿನವನ್ನು ಶಿವಕುಮಾರ ಶರ್ಮಾರ ಸಂತೂರ್, ಹರಿಪ್ರಸಾದ ಚೌರಾಸಿಯಾರ ಕೊಳಲು, ಬ್ರಿಜ್ ಭೂಷಣ ಕಾಬ್ರಾರ ಗಿಟಾರ್ ಸೇರಿ ಅಹೀರ ಭೈರವದ ನಸುಕಿನಿಂದ ಪಹಾಡಿಯ ರಾತ್ರಿಯ ತನಕ ಹೇಳುತ್ತವೆ. ಹುಡುಗನಿಗೆ ಇದು ಪ್ರಾಣ. ಮಾಸ್ತರರಿಗೆ ಚೌಕಟ್ಟು ಮೊದಲು ಮಾಡಿ ಆಮೇಲೆ ಬರೆದ ಚಿತ್ರ. ಆದರೂ ಎರಡನೇ ಮಗ್ಗಲು ಹಾಕಿದವರು ಅವರೇ.

ಮಳೆ ಜೋರಾಯಿತು. ಕೊಳಲು ಮೇಲಕ್ಕೆ ಏರುತ್ತಿರುವಾಗಲೇ ಕರೆಂಟು ಹೋಯಿತು. ಕತ್ತಲಲ್ಲಿ ಸ್ವರ ಬಾಗಿತು, ದಪ್ಪವಾಯಿತು, ಇಳಿದಿಳಿದು ನಿಂತುಹೋಯಿತು. ಹೆಂಚಿನ ಮೇಲೆ ಮಳೆಯದೊಂದೇ ಸದ್ದು. ಹುಡುಗ ಕಡ್ಡಿ ಗೀರಲಿಲ್ಲ, ಮಾಸ್ತರರು ಕೆಮ್ಮಲೂ ಇಲ್ಲ. ಮುಳ್ಳು ಇನ್ನೂ ತಟ್ಟೆಯ ಮೇಲೇ ಇತ್ತು.